ಭುಜವಿಲ್ಲದ ಗಿರಾಕಿ

ಜನವರಿ 8, ಗುರುವಾರ

ಬಿರುಗಾಳೀ,

ಯಂತ್ರ ಬಂತು. ಇಬ್ಬರು ಹೊತ್ತು ತಂದರು, ಮೆಕ್ಯಾನಿಕ್ ಮಾತಾಡಿದ, ನಾನು ತಲೆಯಾಡಿಸಿದೆ. ಫೋನಿನಲ್ಲಿ ಹೇಳೋಣವೆಂದರೆ ನಾಲ್ಕು ಮಾತಾದ ಮೇಲೆ ಐದನೆಯದಕ್ಕೆ ನನ್ನಲ್ಲಿ ಉಸಿರಿರುವುದಿಲ್ಲ, ಜೋರು ಗಾಳಿ ಬೀಸಿದರೆ ಬೆಟ್ಟದ ಮೇಲಿನ ನಿನ್ನ ಸುರಂಗದ ಕ್ಯಾಂಪಿನ ಫೋನಿಗೆ ಜೀವವಿರುವುದಿಲ್ಲ. ಕಾಗದಕ್ಕೆ ಎರಡೂ ಬೇಡ. ಸೋಮವಾರದ ಲಾರಿ ಇದನ್ನು ನಿನಗೆ ಮುಟ್ಟಿಸುತ್ತದೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಮಂಚಕ್ಕೂ ಬಟ್ಟೆ ಕತ್ತರಿಸುವ ಮೇಜಿಗೂ ನಡುವೆ ನಿಲ್ಲಿಸಿದ್ದಾರೆ. ಚಕ್ರವಿರುವ ಪೆಟ್ಟಿಗೆಯ ಹಾಗಿದೆ, ನನ್ನ ಸೊಂಟದವರೆಗೂ ಬರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ಆಮ್ಲಜನಕವನ್ನು ನಳಿಕೆಯಲ್ಲಿ ನನ್ನ ಮೂಗಿಗೆ ಕೊಡುತ್ತದಂತೆ. ಮೂವತ್ತು ವರ್ಷದಿಂದ ಕೊರಳಲ್ಲಿ ಟೇಪು ನೇತಾಡುತ್ತಿತ್ತು, ಈಗ ಜೊತೆಗೆ ನಳಿಕೆ. ಯಾವುದರಿಂದ ಅಳತೆ ತೆಗೆಯುತ್ತೇನೋ ಎಂದು ಗಿರಾಕಿಗಳು ಮಿಕಮಿಕ ನೋಡುತ್ತಾರೆ.

ಯಂತ್ರದ ಮುಂಭಾಗದಲ್ಲಿ ಒಂದು ಗಾಜಿನ ಕೊಳವೆ, ಅದರೊಳಗೆ ಪುಟ್ಟ ಗುಂಡು. ಗುಂಡು ಎರಡರ ಗೆರೆಯಲ್ಲಿ ನಿಂತಿರಬೇಕು. “ಇದು ಡಾಕ್ಟ್ರು ಬರೆದ ಎರಡು. ಜಾಸ್ತಿ ಮಾಡಿದ್ರೆ ಜಾಸ್ತಿ ಒಳ್ಳೇದು ಅಂತ ತಿರುಪು ಮುಟ್ಟೋಕೆ ಹೋಗ್ಬೇಡಿ” ಎಂದ ಮೆಕ್ಯಾನಿಕ್. ಕರೆಂಟು ಹೋದರೆ ಇರಲಿ ಎಂದು ಸಣ್ಣದೊಂದು ಸಿಲಿಂಡರ್ ಕೊಟ್ಟ. ಅದನ್ನು ತೆರೆಯುವುದನ್ನು ನಿನ್ನ ಅತ್ತಿಗೆ ಎರಡು ಸಲ ಮಾಡಿ ಕಲಿತಳು. ಉಳಿದ ಸೂಚನೆಗಳ ಹಾಳೆಯನ್ನು ಗುಂಡಿಗಳ ಡಬ್ಬದಲ್ಲಿ ಮಡಚಿಟ್ಟಿದ್ದೇನೆ, ಆಮೇಲೆ ಓದುತ್ತೇನೆ.

ಉಸಿರು ಹಗುರಾಗಿದೆ, ಸುಳ್ಳು ಹೇಳುವುದಿಲ್ಲ. ಇರುವುದು ಒಂದೇ ತಾಪತ್ರಯ, ಅದರ ಸದ್ದು. ನಿನ್ನ ಅತ್ತಿಗೆಗೆ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಲಗಿದರೆ ಈ ಗುರುಗುಟ್ಟುವಿಕೆಯಲ್ಲಿ ಕಣ್ಣು ಮುಚ್ಚಲಾಗುತ್ತಿಲ್ಲ. ಬಾಯಿಬಿಟ್ಟು ಹೇಳುವವಳಲ್ಲ. ತಲೆಯ ಕೆಳಗಿನ ದಿಂಬನ್ನು ತಲೆಯ ಮೇಲೆ ಇಟ್ಟುಕೊಳ್ಳುತ್ತಾಳೆ, ಅಷ್ಟೇ. ನನ್ನ ಉಸಿರಿಗೆ ಅವಳು ನಿದ್ದೆ ತೆರುವುದು ಯಾವ ನ್ಯಾಯ ಎಂದು ನನಗೆ ಸಂಕಟವಾಗುತ್ತದೆ.

ರಜೆ ಕೇಳಿದೆಯಾ?

ಅಣ್ಣ


ಜನವರಿ 12, ಸೋಮವಾರ

ಅಣ್ಣಾ,

ಲಾರಿ ಬಂದು ಅರ್ಧ ಗಂಟೆಯಾಯಿತು, ಮೂರು ಸಲ ಓದಿದೆ. ಉಸಿರು ಹಗುರಾಗಿದೆ ಎಂಬ ಸಾಲನ್ನು ನಾಲ್ಕು ಸಲ.

ಈಗ ನನ್ನ ಮಾತು ಕೇಳು, ತಲೆಯಾಡಿಸಿ ಸುಮ್ಮನಾಗಬೇಡ. ನನಗೆ ಇರುವುದು ಬೆಂಕಿಯ ಭಯ. ನಳಿಕೆಯಲ್ಲಿ ಬರುವ ಆಮ್ಲಜನಕ ನಿನ್ನ ಅಂಗಿಗೆ, ಹೊದಿಕೆಗೆ, ಕೂದಲಿಗೆ ಇಳಿದು ಕೂತಿರುತ್ತದೆ. ಅಲ್ಲಿಗೆ ಒಂದು ಕಿಡಿ ಬಿದ್ದರೆ ಮಾಮೂಲಿ ಬೆಂಕಿಯಲ್ಲ ಅದು, ಕ್ಷಣದಲ್ಲಿ ಆವರಿಸುತ್ತದೆ. ನಿನ್ನ ಕೋಣೆಯಲ್ಲಿ ನೂಲು, ದಾರ, ಬಟ್ಟೆಯ ಚೂರು ಬಿಟ್ಟರೆ ಬೇರೇನಿದೆ? ಇಸ್ತ್ರಿಪೆಟ್ಟಿಗೆ ಎಲ್ಲಿದೆ? ಮೇಜಿನ ತುದಿಯಲ್ಲೇ ಇದ್ದರೆ ಇವತ್ತೇ ತೆಗೆ. ಒಲೆ, ಮೇಣದಬತ್ತಿ, ಬೀಡಿ ಹಚ್ಚಿಕೊಂಡು ಬರುವ ಗಿರಾಕಿ, ಯಾವುದೂ ಹತ್ತು ಅಡಿಯೊಳಗೆ ಬರಕೂಡದು. ಮೂಗು ಒಣಗಿತೆಂದು ಎಣ್ಣೆ, ಮುಲಾಮು ಬಳಿದುಕೊಳ್ಳಬೇಡ. ಟೇಪು ಕೊರಳಲ್ಲೇ ಇದೆಯಲ್ಲ, ಹತ್ತು ಅಡಿ ಅಳೆ.

ಸದ್ದಿನ ವಿಷಯಕ್ಕೆ ನಗು ಬಂತು. ನಾನು ಹಗಲಿಡೀ ಸುರಂಗದೊಳಕ್ಕೆ ಗಾಳಿ ನೂಕುವ ಫ್ಯಾನುಗಳ ಪಕ್ಕದಲ್ಲಿ ನಿಂತಿರುತ್ತೇನೆ. ಸದ್ದಿದ್ದರೆ ಒಳಗಿರುವವರು ಬದುಕಿದ್ದಾರೆ ಎಂದರ್ಥ. ಅತ್ತಿಗೆಗೂ ಅಭ್ಯಾಸವಾಗುತ್ತದೆ.

ರಜೆ ಕೇಳಿದೆ, ಸಿಗಲಿಲ್ಲ. ಕೆಲಸ ನಿರ್ಣಾಯಕ ಹಂತದಲ್ಲಿದೆ ಎನ್ನುತ್ತಾರೆ. ಬೇಜಾರು ಮಾಡಿಕೊಳ್ಳಬೇಡ.

ತಂಗಿ


ಜನವರಿ 22, ಗುರುವಾರ

ಬಿರುಗಾಳೀ,

ನಿನ್ನ ಆಜ್ಞೆಯನ್ನು ಶಿರಸಾವಹಿಸಿ ಪಾಲಿಸಿದ್ದೇನೆ. ಇಸ್ತ್ರಿಯನ್ನು ಅಂಗಡಿಯ ಮುಂಬಾಗಿಲಿಗೆ ಸಾಗಿಸಿದೆ. ಯಂತ್ರದಿಂದಲೂ ನನ್ನ ಕುರ್ಚಿಯಿಂದಲೂ ಹತ್ತು ಅಡಿ ಅಳೆದು, ಮೇಲೊಂದು ಅಡಿ ಸೇರಿಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದಿದ್ದೇನೆ. ಗೆರೆಯ ಆಚೆ ಬೆಂಕಿ, ಈಚೆ ನಾನು. ಸೀಮೆಎಣ್ಣೆ ಒಲೆ ರಿಪೇರಿಯವನು ಬೀಡಿ ಹಿಡಿದು ಗೆರೆಯ ಮೇಲೆ ಕಾಲಿಟ್ಟಿದ್ದಕ್ಕೆ, ಹೊಲಿದ ಪ್ಯಾಂಟನ್ನೇ ಬಿಚ್ಚಿಹಾಕುತ್ತೇನೆಂದು ಹೆದರಿಸಿ ಕಳಿಸಿದೆ.

ಒಂದು ಸಣ್ಣ ಸುದ್ದಿ. ವಿಚಿತ್ರ ಗಿರಾಕಿಯೊಬ್ಬ ಸಿಕ್ಕಿದ್ದಾನೆ. ಉದ್ದ ಇಪ್ಪತ್ತೇಳು ಅಂಗುಲ, ಸುತ್ತಳತೆ ಐವತ್ತೆರಡು, ಮೇಲಿಂದ ಕೆಳಗೆ ಒಂದೇ ಸಮ. ಭುಜವಿಲ್ಲ, ಕತ್ತಿಲ್ಲ, ಹಗಲೂ ರಾತ್ರಿ ಗೊಣಗುವುದೊಂದೇ ಕೆಲಸ. ಅವನಿಗಾಗಿ ಕಂಬಳಿಯಂಥ ದಪ್ಪ ಬಟ್ಟೆ ತೆಗೆದೆ, ಎರಡು ಪದರ, ನಡುವೆ ಹತ್ತಿ. ಮುಂದುಗಡೆ ಮುಖ ಕಾಣುವಷ್ಟು ಕಿಟಕಿ ಬಿಟ್ಟಿದ್ದೇನೆ. ಅಳೆದೂ ಸುರಿದೂ ಮೂರು ದಿನ ಕತ್ತರಿಸಿದೆ. ಒಂದು ನೆರಿಗೆ ಇಲ್ಲದೆ ಕೂತಿದೆ. ಇಷ್ಟು ಚೊಕ್ಕ ಕೆಲಸ ನಾನು ಮಾಡಿ ವರ್ಷವಾಗಿತ್ತು. ಯಾರೆಂದು ಈಗ ಕೇಳಬೇಡ.

ಅಣ್ಣ


ಜನವರಿ 26, ಸೋಮವಾರ

ಅಣ್ಣಾ,

ಗೆರೆ ಎಳೆದದ್ದು ಓದಿ ಜೀವ ತಣ್ಣಗಾಯಿತು. ನೀನು ಒಂದಡಿ ಜಾಸ್ತಿ ಕೊಟ್ಟದ್ದು ನೋಡು, ಹೊಲಿಗೆಗೆ ಬಟ್ಟೆ ಬಿಡುವ ಬುದ್ಧಿ ಎಲ್ಲಿಗೂ ಹೋಗುವುದಿಲ್ಲ.

ಆ ಗಿರಾಕಿ ಯಾರೆಂದು ಹೇಳಲೇ? ಹೋಟೆಲಿನ ಡೊಳ್ಳುಹೊಟ್ಟೆ ಮ್ಯಾನೇಜರ್ ತಾನೇ? ಆತನಿಗೆ ಭುಜವಿದ್ದದ್ದನ್ನು ನಾನೂ ಕಂಡಿಲ್ಲ. ಕೈತುಂಬ ಕೆಲಸವಿದ್ದರೆ ನೀನು ಚೆನ್ನಾಗಿರುತ್ತೀಯ, ಇನ್ನೂ ನಾಲ್ಕು ಅಂಥವರು ಬರಲಿ.

ಇಲ್ಲಿ ಚಳಿ ಹೆಚ್ಚಾಗಿದೆ. ಮತ್ತೆ ಎರಡು ವಾರ ಬರೆಯಲಾಗುವುದಿಲ್ಲವೇನೋ, ಪಾಳಿ ಜಾಸ್ತಿ.

ತಂಗಿ


ಫೆಬ್ರವರಿ 5, ಗುರುವಾರ

ಬಿರುಗಾಳೀ,

ಮನೆಯಲ್ಲಿ ಈಗ ಸದ್ದಿಲ್ಲ. ಹೊಸ ಎತ್ತು ನೊಗಕ್ಕೆ ಒಗ್ಗಿದ ಹಾಗೆ ಯಂತ್ರ ಒಗ್ಗಿಕೊಂಡಿತು ಎಂದುಕೋ. ನಿನ್ನ ಅತ್ತಿಗೆ ಆರು ಗಂಟೆ ಒಂದೇ ಸಮನೆ ನಿದ್ದೆ ಮಾಡುತ್ತಿದ್ದಾಳೆ. ಎದ್ದು ನಗುತ್ತಾಳೆ. ಅದನ್ನು ನೋಡಲು ಹೊಲಿಗೆ ನಿಲ್ಲಿಸಿ ಕೂತಿರುತ್ತೇನೆ, ನಾಚಿಕೆಯೇನಿಲ್ಲ.

ನನ್ನದು ಹೇಳಬೇಕೆಂದರೆ, ಬೆಳಿಗ್ಗೆ ಎದ್ದಾಗ ತಲೆ ಸಿಡಿಯುತ್ತದೆ. ಉಸಿರು ಮತ್ತೆ ಸ್ವಲ್ಪ ಭಾರ. ಚಳಿಗಿರಬೇಕು. ಅದಕ್ಕೊಂದು ಮದ್ದು ಕಂಡುಕೊಂಡಿದ್ದೇನೆ, ಕೈಗೆಟುಕುವಷ್ಟು ದೂರದಲ್ಲೇ ಇದೆ. ಮೊನ್ನೆ ಶಾಲೆ ಮೇಷ್ಟ್ರ ಕೋಟಿಗೆ ಒಂದು ತೋಳು ಒಂದೂವರೆ ಅಂಗುಲ ಗಿಡ್ಡವಾಯಿತು. ಮೇಷ್ಟ್ರು ಒಳ್ಳೆಯವರು, ಕೈ ಮಡಚಿಕೊಂಡು ತೊಡುತ್ತೇನೆ ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಗಿರಾಕಿ ಉಡುಪು ತೊಟ್ಟ ದಿನದಿಂದ ತೆಪ್ಪಗಿದ್ದಾನೆ.

ಅಣ್ಣ


ಫೆಬ್ರವರಿ 9, ಸೋಮವಾರ

ಅಣ್ಣಾ,

ತಲೆನೋವಿಗೆ ಕನ್ನಡಕವೇ ಕಾರಣ. ನಂಬರು ಬದಲಾಗಿ ಎಷ್ಟು ವರ್ಷವಾಯಿತು? ತೋಳು ಗಿಡ್ಡವಾಗದೆ ಇನ್ನೇನಾಗುತ್ತದೆ? ಈ ವಾರವೇ ಕಣ್ಣು ತೋರಿಸು. ಅತ್ತಿಗೆ ನಿದ್ದೆ ಮಾಡುತ್ತಿರುವುದಕ್ಕೆ ಸಂತೋಷ. ಅಭ್ಯಾಸವಾಗುತ್ತದೆ ಎಂದು ನಾನು ಹೇಳಿರಲಿಲ್ಲವೇ?

ಇಲ್ಲಿನ ಒಂದು ಕಥೆ ಕೇಳು, ಕೆಲಸ ಮಾಡುವಾಗ ನೆನೆದು ನಗು. ಪಕ್ಕದ ಕಿರು ಸುರಂಗಕ್ಕೆ ಗಾಳಿ ಕೊಡುವ ಫ್ಯಾನಿನ ಹತ್ತಿರ ಹೊಸಬನೊಬ್ಬನನ್ನು ಹಾಕಿದ್ದಾರೆ. ಒಳ್ಳೆಯ ಮನುಷ್ಯ, ನಲವತ್ತು ದಾಟಿದೆ, ಮೊದಲು ಪೀಠೋಪಕರಣದ ಗೋದಾಮಿನಲ್ಲಿದ್ದನಂತೆ. ಫ್ಯಾನಿನ ಮೇಲೆ ಧೂಳು ಕೂರಬಾರದೆಂದು, ಪಾಪ, ಹಿಂಬದಿಗೆ ಟಾರ್ಪಾಲು ಹೊದಿಸಿ ನಾಲ್ಕು ಮೂಲೆಗೂ ಹಗ್ಗ ಬಿಗಿದಿದ್ದಾನೆ. ಹಿಂಬದಿಯಲ್ಲೇ ಅದು ಗಾಳಿ ಎಳೆದುಕೊಳ್ಳುವುದು. ಸದ್ದು ಕಡಿಮೆಯಾಗಿದ್ದಕ್ಕೆ ಅವನಿಗೆ ಖುಷಿಯೋ ಖುಷಿ. ಸ್ವಲ್ಪ ಹೊತ್ತಿಗೆ ಒಳಗಿದ್ದವರು ತಲೆ ಹಿಡಿದುಕೊಂಡು, ತೂಕಡಿಸುತ್ತಾ ಹೊರಬಂದರು. ಮೋಟರು ಕೈಯಿಡಲಾಗದಷ್ಟು ಕಾದಿತ್ತು. ನಾನು ಓಡಿಹೋಗಿ ಹಗ್ಗ ಕೊಯ್ದು ಅವನಿಗೆ ಹೇಳಿದೆ: “ಗಾಳಿ ಕೊಡೋದಕ್ಕೂ ಒಂದು ಮೂಗಿದೆ ಕಣಪ್ಪಾ. ಅದು ಹಿಂದುಗಡೆ ಇದೆ.” ಆ ದಿನದಿಂದ ಕ್ಯಾಂಪಿನಲ್ಲಿ ಅವನಿಗೆ ಟಾರ್ಪಾಲು ಎಂದೇ ಹೆಸರು.

ರಜೆ ಈ ತಿಂಗಳೂ ಇಲ್ಲ ಎಂದರು.

ತಂಗಿ


ಫೆಬ್ರವರಿ 12

ಬಿರುಗಾಳಿ

ಇವತ್ತು ಜಾಸ್ತಿ ಬರೆಯುವುದಿಲ್ಲ. ಎರಡೂ ಎಡಗೈ ತೋಳುಗಳನ್ನೇ ಕತ್ತರಿಸಿಬಿಟ್ಟೆ. ಮೇಜಿನ ಮೇಲೇ ನಿದ್ದೆ ಬರುತ್ತದೆ. ಗಿರಾಕಿ ಕಿಟಕಿಯಿಂದ ಹಳದಿ ಕಣ್ಣು ಬಿಡುತ್ತಾನೆ. ಒಮ್ಮೊಮ್ಮೆ ಕೂಗುತ್ತಾನೆ. ಬಾಯಿಯ ಮೇಲೆ ಇನ್ನೊಂದು ಪದರ ಹೊಲಿದೆ. ಅವಳು ಮಲಗಿದ್ದಾಳೆ. ನೀನು ಬರುವುದು ಯಾವಾಗ

ಅಣ್ಣ


ಫೆಬ್ರವರಿ 16, ಸೋಮವಾರ

ಅಣ್ಣಾ, ಅತ್ತಿಗೇ, ಯಾರ ಕೈಗೆ ಇದು ಮೊದಲು ಸಿಕ್ಕರೂ ಓದುವ ಮುಂಚೆ ಯಂತ್ರದ ಮೇಲಿನ ಗವಸು ತೆಗೆಯಿರಿ. ತೆಗೆದು ಆಮೇಲೆ ಓದಿ.

ನಿನ್ನ ಕಾಗದಗಳನ್ನೆಲ್ಲ ಮಂಚದ ಮೇಲೆ ಸಾಲಾಗಿ ಹರಡಿಕೊಂಡು ಕೂತಿದ್ದೇನೆ. ಇಪ್ಪತ್ತೇಳು ಅಂಗುಲ ಉದ್ದ. ಭುಜವಿಲ್ಲ. ಗೊಣಗುತ್ತಾನೆ. ಉಡುಪು ತೊಟ್ಟ ಮೇಲೆ ತೆಪ್ಪಗಿದ್ದಾನೆ. ಹಳದಿ ಕಣ್ಣು. ನಾನೆಂಥ ಕುರುಡಿ! ಸದ್ದು ತಾನಾಗಿ ಕಡಿಮೆಯಾಗುವ ಯಂತ್ರವನ್ನು ನಾನು ಈ ವೃತ್ತಿಯಲ್ಲಿ ಒಂದನ್ನೂ ಕಂಡಿಲ್ಲ. ಆದರೂ ನಂಬಿದೆ, ನಂಬಿದರೆ ನಿಶ್ಚಿಂತೆಯಾಗಿರಬಹುದಿತ್ತು. ಬೆಂಕಿ ಬೆಂಕಿ ಎಂದು ಬಡಬಡಿಸಿದೆ, ಗಾಳಿಯ ಒಂದು ಮಾತು ಹೇಳಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಅಣ್ಣಾ, ನಿನಗೆ ಬರುತ್ತಿರುವುದು ಆಮ್ಲಜನಕವಲ್ಲ, ಬಿಸಿಗಾಳಿ. ಹಳದಿ ದೀಪ ಅದನ್ನೇ ಹೇಳುತ್ತಿದೆ, ಕೂಗುವುದೂ ಅದಕ್ಕೇ. ಅದರ ಬಾಯಿ ಮುಚ್ಚಬೇಡ. ಗೋಡೆಯಿಂದ, ಮಂಚದಿಂದ, ಪರದೆಯಿಂದ ಒಂದಡಿ ಈಚೆಗೆ ಎಳೆಯಿರಿ. ಸಿಲಿಂಡರಿಗೆ ಬದಲಾಯಿಸಿ, ಮೆಕ್ಯಾನಿಕ್‌ಗೆ ಹೇಳಿ. ಕೈಗೆಟುಕುವ ಮದ್ದು ಎಂದೆಯಲ್ಲ, ತಿರುಪು ತಿರುಗಿಸಿದ್ದೀಯ ತಾನೇ? ಎಷ್ಟಕ್ಕೆ ಎಂದು ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳು. ಈ ತೂಕಡಿಕೆ ನಿದ್ದೆಯಲ್ಲ.

ಕಂಬ ಬಿದ್ದು ಇಲ್ಲಿನ ಫೋನು ಮೂರು ದಿನದಿಂದ ಸತ್ತಿದೆ. ಲಾರಿ ಡ್ರೈವರ್ ಇಂಜಿನ್ ಆರಿಸದೆ ಕಾಯುತ್ತಿದ್ದಾನೆ. ಬ್ರೆಡ್ ಕಾರ್ಖಾನೆಯ ನಂಬರನ್ನು ಅವನ ಅಂಗೈ ಮೇಲೆ ಬರೆದಿದ್ದೇನೆ. ಕೆಳಗೆ ಮುಟ್ಟಲು ಐದು ಗಂಟೆ ಬೇಕು. ಆ ಐದು ಗಂಟೆ ನಾನೇನು ಮಾಡಲಿ?

ತಂಗಿ


ಫೆಬ್ರವರಿ 17, ಮಂಗಳವಾರ

ನಾದಿನಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ನಿನ್ನ ಎದೆ ಧಸಕ್ಕೆಂದಿರುತ್ತದೆ. ಮೊದಲೇ ಹೇಳುತ್ತೇನೆ, ನಿಮ್ಮಣ್ಣ ಇದ್ದಾರೆ. ಆಸ್ಪತ್ರೆಯಲ್ಲಿದ್ದಾರೆ, ಇವತ್ತು ಬೆಳಿಗ್ಗೆ ನರ್ಸಿನ ಸಮವಸ್ತ್ರದ ಕಾಲರ್ ಓರೆ ಇದೆ ಎಂದರು. ಬುದ್ಧಿ ತಿರುಗಿ ಬಂದಿದೆ.

ಭಾನುವಾರ ನನಗೆ ರಜೆ. ಶುಕ್ರವಾರ ಬಂದ ನಿನ್ನ ಕಾಗದ ಒಡೆಯದೆ ಮೇಜಿನ ಮೇಲಿತ್ತು. ನಿನ್ನ ಕಾಗದವನ್ನು ಅವರು ಎರಡು ದಿನ ಒಡೆಯದೆ ಬಿಟ್ಟದ್ದು ನನಗೆ ಸರಿಕಾಣಲಿಲ್ಲ. ಮಧ್ಯಾಹ್ನ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿದೆ. ಕನ್ನಡಕದ ಮಾತಿಗೆ ಕಣ್ಣು ತೆರೆಯಲಿಲ್ಲ. ಟಾರ್ಪಾಲಿನ ಕಥೆ ಬಂದಾಗ ನಾನು ನಗುತ್ತಿದ್ದೆ, ಅವರು ನಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಕಷ್ಟಪಟ್ಟು ಕತ್ತು ಹೊರಳಿಸಿ ಯಂತ್ರದ ಕಡೆ ನೋಡಿದರು. “ಅದರ ಮೂಗು ಎಲ್ಲಿದೆ ನೋಡೇ” ಅಂದರು.

ನಾನು ಆ ಗವಸನ್ನು ದಿನಾ ನೋಡುತ್ತಿದ್ದೆ. ಇಪ್ಪತ್ತೆರಡು ವರ್ಷದಿಂದ ಈ ಮನೆಯಲ್ಲಿ ಹೊಲಿಗೆ ಯಂತ್ರಕ್ಕೆ ಗವಸು ಹಾಕದೆ ಯಾರೂ ದೀಪ ಆರಿಸಿದ್ದಿಲ್ಲ. ಇದಕ್ಕೂ ಹಾಕಿದ್ದಾರೆ, ಧೂಳಿಗೆ ಒಳ್ಳೆಯದು ಅಂದುಕೊಂಡೆ. ಅವರು ಸೊರಗುತ್ತಿದ್ದದ್ದೂ ಕಾಣುತ್ತಿತ್ತು. ಕಾಯಿಲೆ ಬಲಿಯುತ್ತಿದೆ ಅಂದುಕೊಂಡು ಕಾರ್ಖಾನೆಯ ಗೋಡೆಗೆ ಮುಖ ಮಾಡಿ ಅತ್ತು ಬರುತ್ತಿದ್ದೆ. ಎಳೆದು ತೆಗೆದಾಗ ಒಳಗೆ ಇಸ್ತ್ರಿಯಷ್ಟು ಬಿಸಿ. ದೀಪ ಕೆಂಪಾಗಿತ್ತು. ಗುಂಡು ನಾಲ್ಕರಲ್ಲಿ. ಸಿಲಿಂಡರ್ ತೆರೆದು, ಅದರ ತಿರುಪನ್ನು ಎರಡರಲ್ಲಿ ನಿಲ್ಲಿಸಿ, ನಳಿಕೆ ಬದಲಾಯಿಸಿದೆ. ಆಂಬುಲೆನ್ಸಿಗೆ ಫೋನು ಮಾಡಿ ಬಾಗಿಲು ತೆರೆದಿಟ್ಟೆ. ನೆಲದ ಮೇಲೆ ಅವರೆಳೆದ ಸುಣ್ಣದ ಗೆರೆ ಹಾಗೇ ಇತ್ತು, ಬೆಂಕಿಯ ಸಾಮಾನು ಯಾವುದೂ ಅದನ್ನು ದಾಟಿರಲಿಲ್ಲ. ನನ್ನ ನಿದ್ದೆಗೋಸ್ಕರ ಸಾಯಹೊರಟಿದ್ದರು. ಅದಕ್ಕೆ ನನಗೆ ಬಂದಿರುವ ಕೋಪ ಇನ್ನೂ ಇಳಿದಿಲ್ಲ.

ನಿನ್ನೆ ಸಂಜೆ ಪಾಳಿಗೆ ಬರುವುದಿಲ್ಲ ಎಂದು ಹೇಳಲು ಕಾರ್ಖಾನೆಗೆ ಹೋಗಿದ್ದಾಗ ನಿನ್ನ ಡ್ರೈವರ್ ಅಲ್ಲಿಗೆ ಫೋನು ಮಾಡಿದ. ಅಷ್ಟರಲ್ಲಿ ಎಲ್ಲ ಆಗಿತ್ತು. ಒಳ್ಳೆಯವನು, ಗಾಬರಿಯಲ್ಲಿದ್ದ. ಪಾಪ ಅವಳಿಗೆ ರಜೆಯೂ ಸಿಗುತ್ತಿಲ್ಲವಲ್ಲ ಅಂದೆ. “ರಜಾನಾ? ನಮ್ಮಲ್ಲಿ ಕೇಳಿದವರಿಗೆ ಯಾರಿಗೂ ಇಲ್ಲ ಅಂದಿಲ್ಲಮ್ಮ” ಅಂದ. ನಾನಾಗಿ ಕೆದಕಿದ್ದಲ್ಲ. ನಿಮ್ಮಣ್ಣನಿಗೆ ಹೇಳಿಯೂ ಇಲ್ಲ.

ಅತ್ತಿಗೆ


ಫೆಬ್ರವರಿ 26, ಗುರುವಾರ

ಬಿರುಗಾಳೀ,

ಮನೆಗೆ ಬಂದು ನಾಲ್ಕು ದಿನವಾಯಿತು. ಗುಂಡು ಎರಡರಲ್ಲಿದೆ. ತಿರುಪಿನ ಮೇಲೆ ನಿನ್ನ ಅತ್ತಿಗೆ ಬ್ರೆಡ್ ಪೊಟ್ಟಣದ ಅಂಟುಪಟ್ಟಿ ಸುತ್ತಿ ತನ್ನ ಸಹಿ ಹಾಕಿದ್ದಾಳೆ. ನಾನು ಮುಟ್ಟಿದರೆ ಗೊತ್ತಾಗುತ್ತದೆ. ಡಾಕ್ಟರು ಬೈದರು, ಅದು ತಿರುಪಲ್ಲ, ಔಷಧದ ಬಾಟಲಿ ಎಂದರು. ಮೆಕ್ಯಾನಿಕ್ ಯಂತ್ರ ಬಿಚ್ಚಿ ನೋಡಿ, ಫಿಲ್ಟರು ಬದಲಾಯಿಸಿ, ಸೂಚನೆಯ ಹಾಳೆ ಕೊಡಿ ಎಂದ. ಗುಂಡಿಗಳ ಡಬ್ಬದಿಂದ ತೆಗೆದುಕೊಟ್ಟೆ. ಐದನೆಯ ಸಾಲಿನಲ್ಲೇ ಇತ್ತು, ಯಂತ್ರವನ್ನು ಯಾವುದರಿಂದಲೂ ಮುಚ್ಚಬಾರದು ಎಂದು. ಅವನು ಅದನ್ನು ನನ್ನ ಕೈಲೇ ಗಟ್ಟಿಯಾಗಿ ಓದಿಸಿದ. ಈಗ ಗೋಡೆಗೆ ಅಂಟಿಸಿದ್ದಾನೆ.

ನಾನು ಹೇಳದೆ ಇದ್ದದ್ದಕ್ಕೆ ಕಾರಣವಿದೆ. ಹೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ. ಬೇಡ ಎನಿಸಿಕೊಳ್ಳುವುದು ಈಗೀಗ ಜಾಸ್ತಿಯಾಗಿತ್ತು. ಮೆಟ್ಟಿಲು ಬೇಡ, ಇಸ್ತ್ರಿ ಬೇಡ, ಮಾತು ಬೇಡ. ಅದೊಂದನ್ನಾದರೂ ನನ್ನ ಕೈಯಾರೆ ಸರಿಮಾಡಿದೆ ಎಂದುಕೊಂಡಿದ್ದೆ.

ಸದ್ದು ತಿರುಗಿ ಬಂದಿದೆ. ನಿನ್ನ ಅತ್ತಿಗೆ ಅದೇ ಕೋಣೆಯಲ್ಲಿ ಮಲಗುತ್ತಾಳೆ, ಕಿವಿಗೆ ಹತ್ತಿಯೂ ಇಲ್ಲ. ಮೊನ್ನೆ ಮೆಕ್ಯಾನಿಕ್ ಫಿಲ್ಟರಿಗಾಗಿ ಎರಡು ನಿಮಿಷ ಯಂತ್ರ ನಿಲ್ಲಿಸಿದ. ಗಾಢನಿದ್ದೆಯಲ್ಲಿದ್ದವಳು ತಟ್ಟನೆ ಎದ್ದು ಕೂತಳು.

ಗವಸು ಬಿಚ್ಚಿದ್ದೇನೆ. ಬಟ್ಟೆ ಒಳ್ಳೆಯದು, ದಂಡವಾಗಬಾರದು. ನಿನಗೆ ಅಲ್ಲಿನ ಚಳಿಗೊಂದು ಕೋಟು ಹೊಲಿಯುತ್ತೇನೆ, ಎಡ ಬಲ ಎರಡೂ ತೋಳು ಇರುತ್ತವೆ, ಹೆದರಬೇಡ. ರಜೆ ಸಿಗದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ, ಕೆಲಸ ಮುಖ್ಯ. ಅಳತೆ ಬರೆದು ಕಳಿಸು. ಭುಜದ್ದು ಮುಖ್ಯವಾಗಿ. ನನ್ನ ಹತ್ತಿರ ಇರುವುದು ನಿನ್ನ ಆರು ವರ್ಷದ ಹಿಂದಿನ ಅಳತೆ.

ಅಣ್ಣ


ಮಾರ್ಚ್ 2, ಸೋಮವಾರ

ಅಣ್ಣಾ,

ಅತ್ತಿಗೆ ನಿನಗೆ ಹೇಳದೆ ಉಳಿಸಿದ್ದನ್ನು ನಾನೇ ಹೇಳುತ್ತೇನೆ. ರಜೆ ಸಿಗಲಿಲ್ಲ ಎಂದು ಬರೆದದ್ದೆಲ್ಲ ಸುಳ್ಳು. ನಾನು ಕೇಳಲೇ ಇಲ್ಲ. ಜನವರಿಯಲ್ಲೂ ಕೇಳಲಿಲ್ಲ, ಫೆಬ್ರವರಿಯಲ್ಲೂ ಕೇಳಲಿಲ್ಲ, ಬರುವುದು ಯಾವಾಗ ಎಂದು ನೀನು ಬರೆದ ಮೇಲೂ ಕೇಳಲಿಲ್ಲ.

ಅಪ್ಪನ ಕೊನೆಯ ತಿಂಗಳು ನಿನಗೆ ನೆನಪಿರುತ್ತದೆ. ಉಸಿರು ಎಳೆದುಕೊಳ್ಳುವ ಆ ಸದ್ದು ಕೇಳಲಾರದೆ ನಾನು ಸ್ನೇಹಿತೆಯ ಮನೆಯಲ್ಲಿ ಮಲಗುತ್ತಿದ್ದೆ. ನೀನು ಒಬ್ಬನೇ ಕೂತಿರುತ್ತಿದ್ದೆ. ನಿನ್ನ ಎದೆಯಲ್ಲಿ ಅದೇ ಸದ್ದು ಶುರುವಾದ ವರ್ಷವೇ ನಾನು ಈ ಬೆಟ್ಟ ಹತ್ತಿದ್ದು. ಕೆಲಸಕ್ಕೆಂದು ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ನೀನು ಯಂತ್ರದ ಸದ್ದು ಮುಚ್ಚಲು ಎರಡು ಪದರ ಹೊಲಿದೆ. ನಾನು ನಿನ್ನದನ್ನು ಮುಚ್ಚಲು ಒಂದು ಬೆಟ್ಟವನ್ನೇ ಅಡ್ಡ ಇಟ್ಟುಕೊಂಡೆ. ನಿನ್ನನ್ನು ಬೈಯಲು ನನಗೆ ಯಾವ ಬಾಯಿ ಇದೆ?

ಆ ಐದು ಗಂಟೆ ಏನು ಮಾಡಿದೆ ಗೊತ್ತೇ? ಫ್ಯಾನಿನ ಪಕ್ಕ ನಿಂತಿದ್ದೆ. ಟಾರ್ಪಾಲು ಬಂದು ಒಂದು ಲೋಟ ಬಿಸಿನೀರು ಕೊಟ್ಟು ಜೊತೆಗೆ ನಿಂತ.

ಇವತ್ತು ಕಚೇರಿಗೆ ಹೋಗಿ ರಜೆ ಕೇಳಿದೆ. ಗುಮಾಸ್ತ ತಲೆಯೆತ್ತಲೂ ಇಲ್ಲ, “ಎಷ್ಟು ದಿನ?” ಎಂದ. ಒಂದು ತಿಂಗಳು ಎಂದೆ, ಬರೆದುಕೊಂಡ. ಆರು ವರ್ಷ ನಾನು ಹೆದರಿದ ಕೆಲಸ ಎರಡು ನಿಮಿಷದ್ದು.

ಅಳತೆ ಬರೆದು ಕಳಿಸುವುದಿಲ್ಲ. ಮುಂದಿನ ಸೋಮವಾರದ ಲಾರಿಯಲ್ಲಿ ಡ್ರೈವರ್ ಪಕ್ಕದ ಸೀಟು ನನ್ನದು. ಯಂತ್ರವಿರುವ ಕೋಣೆಯಲ್ಲೇ ನನಗೂ ಒಂದು ಹಾಸಿಗೆ ಹಾಕಿಸು. ಟೇಪು ಕೊರಳಲ್ಲಿ ಇರಲಿ, ಭುಜ ತರುತ್ತಿದ್ದೇನೆ.

ತಂಗಿ